ಆ ಮುಳ್ಳುಗಳು ಎಡಿಟ್ ಮಾಡಿದ್ದಲ್ಲ

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಮೊದಲ ಬಣ್ಣದ ಚಿತ್ರದಲ್ಲಿ ನಕ್ಷತ್ರಗಳಿಗೆ ಬೆಳಕಿನ ಮುಳ್ಳು ಮೂಡಿರೋದು ಎಡಿಟಿಂಗಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ, ಅದು ದೂರದರ್ಶಕದ್ದೇ ಕೈವಾಡ. 6.5 ಮೀಟರ್ ಕನ್ನಡಿಯಲ್ಲಿ 18 ಷಟ್ಕೋನ ತುಂಡುಗಳಿವೆ. ಅವುಗಳ ಅಂಚಿನಲ್ಲಿ ಬೆಳಕು ಬಾಗಿ ಆರು ದೊಡ್ಡ ಮುಳ್ಳು ಬರುತ್ತವೆ. ಎದುರಿನ ಚಿಕ್ಕ ಕನ್ನಡಿಯನ್ನು ಹಿಡಿದಿರುವ ಕಂಬಿಯಿಂದ ಅಡ್ಡಡ್ಡ ಇನ್ನೆರಡು ಸಣ್ಣವು. ಮುಳ್ಳಿರೋದು ಹೆಚ್ಚಾಗಿ ನಮ್ಮದೇ ಗ್ಯಾಲಕ್ಸಿಯ ನಕ್ಷತ್ರಗಳಿಗೆ. ಉಳಿದ ಚುಕ್ಕೆಗಳು ಬಹುಪಾಲು ಒಂದೊಂದೂ ಒಂದು ಗ್ಯಾಲಕ್ಸಿ!

ಮುಳ್ಳು ಬಿಡಿ, ಆ ಬಾಗಿದ ಕೆಂಪು ಗೀರುಗಳನ್ನು ನೋಡಿದ್ರಾ? 2022ರ ಜುಲೈ 12ರ ಬೆಳಗಿನ ಜಾವ ನಮ್ಮಲ್ಲಿ ಎಷ್ಟೋ ಜನ ಈ ಚಿತ್ರಕ್ಕಾಗಿ ನಿದ್ದೆಗೆಟ್ಟು ಕಾದಿದ್ದು ಸುಮ್ಮನೆ ಅಲ್ಲ. ನಡುವಿನ ಬಿಳಿ ಗುಂಪು 460 ಕೋಟಿ ಜ್ಯೋತಿರ್ವರ್ಷ ದೂರದ ಎಸ್‌ಎಂಎಸಿಎಸ್ 0723 ಎಂಬ ಗ್ಯಾಲಕ್ಸಿಗಳ ಗುಚ್ಛ. ಅದರ ಗುರುತ್ವ, ಹಿಂದಿರುವ ಇನ್ನೂ ದೂರದ ಗ್ಯಾಲಕ್ಸಿಗಳ ಬೆಳಕನ್ನು ಬಾಗಿಸಿ, ಹಿಗ್ಗಿಸಿ ತೋರಿಸುತ್ತೆ. ಇಷ್ಟೆಲ್ಲ ಇರೋದು ಚಾಚಿದ ಕೈಯಲ್ಲಿನ ಒಂದು ಮರಳಿನ ಕಾಳು ಮರೆಮಾಡುವಷ್ಟು ಆಕಾಶದಲ್ಲಿ, ಅದೂ 12.5 ಗಂಟೆ ಕಾಲ ಹಿಡಿದ ಬೆಳಕಿನಲ್ಲಿ.

ಬಣ್ಣ ಮಾತ್ರ ಆಮೇಲೆ ಕೊಟ್ಟಿದ್ದು ನಿಜ. ವೆಬ್ ಹಿಡಿಯೋ ಅವಕೆಂಪು (ಇನ್‌ಫ್ರಾರೆಡ್) ಬೆಳಕು ನಮ್ಮ ಕಣ್ಣಿಗೆ ಕಾಣಲ್ಲವಲ್ಲ. ಉದ್ದ ತರಂಗಕ್ಕೆ ಕೆಂಪು, ಗಿಡ್ಡದಕ್ಕೆ ನೀಲಿ ಅಂತ ಹಂಚಿದ್ದಾರೆ. ವಾಟ್ಸಾಪಲ್ಲಿ ಬಂದ ಮಸುಕು ಪಟ ನೋಡಬೇಡಿ, ನಾಸಾ ತಾಣದಿಂದ ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ.