ಎರಡು ಪಿಯಾನೊಗಳ ಕೀ ತೂಕ 50 ಗ್ರಾಂ ಇದ್ದರೂ ಒಂದು ಯಾಕೆ ಭಾರ ಅನಿಸುತ್ತದೆ?

ಎರಡೂ ಗ್ರ್ಯಾಂಡ್, ಎರಡರಲ್ಲೂ 50 ಗ್ರಾಂ ಇಟ್ಟರೆ ಕೀ ಇಳಿಯುತ್ತದೆ, ಆದರೂ ಒಂದರಲ್ಲಿ ಕೈ ಬೇಗ ಸೋಲುತ್ತದೆ ಅಂತ ಕೇಳಿದ್ದೀರಿ. ಆ 50 ಗ್ರಾಂ ಒಂದನ್ನೇ ನಂಬಬೇಡಿ. ಅದು ಕೀ ಮೆಲ್ಲಗೆ ಜಾರಿ ಇಳಿಯುವಾಗಿನ ಲೆಕ್ಕ. ಹಾಗೆ ಯಾರೂ ನುಡಿಸುವುದಿಲ್ಲವಲ್ಲ!

ಕೀ ಏಳುವ ತೂಕವನ್ನೂ ಅಳೆಯಿರಿ. ಬಲಗಡೆಯ ಪೆಡಲ್ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ತಂತಿಯ ನಾದ ತಡೆಯುವ ಮೆತ್ತೆಯಾದ ಡ್ಯಾಂಪರ್‌ನ ಭಾರವೂ ಸೇರಿಕೊಳ್ಳುತ್ತದೆ. ಕೀಯ ಮುಂತುದಿಯಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ತೂಕದ ಬಟ್ಟುಗಳನ್ನಿಡಿ. ಕೀ ಇಳಿದು, ತಂತಿ ಹೊಡೆಯುವ ಸುತ್ತಿಗೆ (ಹ್ಯಾಮರ್) ಕೀಯ ಹಿಡಿತದಿಂದ ಬಿಡುವ ಘಟ್ಟವಾದ ಲೆಟ್-ಆಫ್‌ನ ಗಂಟು ತಾಗುವ ಸ್ವಲ್ಪ ಮುಂಚೆ ತಡೆದು, ಬಟ್ಟು ಕಡಿಮೆ ಮಾಡುತ್ತಾ ಬನ್ನಿ. ಎಷ್ಟು ಗ್ರಾಂ ಉಳಿದಾಗ ಕೀ ತಾನಾಗಿ ಮೇಲೇಳುತ್ತದೋ ಅದೇ ಏಳುವ ತೂಕ.

ಒಂದರಲ್ಲಿ 24, ಇನ್ನೊಂದರಲ್ಲಿ 16 ಬಂತು ಅನ್ನಿ. ಇಳಿಯುವ ತೂಕದಲ್ಲಿ ಏಳುವ ತೂಕ ಕಳೆದು ಅರ್ಧ ಮಾಡಿದರೆ ಘರ್ಷಣೆ: 13 ಮತ್ತು 17 ಗ್ರಾಂ. ಎರಡನೆಯದರ ಕೀ ಬೆರಳಿನ ಹಿಂದೆಯೇ ಏಳದೆ ತಡವರಿಸುತ್ತದೆ. ಒಂದೇ ಸ್ವರವನ್ನು ಬೇಗ ಬೇಗ ಹೊಡೆದರೆ ಗೊತ್ತಾಗಿಬಿಡುತ್ತದೆ. ತೇವಕ್ಕೆ ಪಿನ್ನಿನ ಸುತ್ತಲಿನ ಬಟ್ಟೆ (ಬುಷಿಂಗ್) ಉಬ್ಬಿ ಪಿನ್ ಹಿಡಿದುಕೊಳ್ಳುವುದು ಇದಕ್ಕೆ ಸಾಮಾನ್ಯ ಕಾರಣ. ಎಣ್ಣೆ ಮಾತ್ರ ಬಿಡಬೇಡಿ. ಬಟ್ಟೆ ಅದನ್ನು ಕುಡಿದು ಇನ್ನಷ್ಟು ಅಂಟುತ್ತದೆ.

ಎರಡರಲ್ಲೂ 24ರ ಆಸುಪಾಸೇ ಬಂದರೆ ಜಡತ್ವದ ಮೇಲೆ ಅನುಮಾನಪಡಿ. ಕೀ 10 ಮಿ.ಮೀ. ಇಳಿಯುವಷ್ಟರಲ್ಲಿ ಹ್ಯಾಮರ್ ಸುಮಾರು 45 ಮಿ.ಮೀ. ಓಡಬೇಕು. ಹಾಗಾಗಿ ಹ್ಯಾಮರ್‌ಗೆ 1 ಗ್ರಾಂ ಸೇರಿದರೆ ಕೀ ತುದಿಯಲ್ಲಿ 5 ಗ್ರಾಂ ಹತ್ತಿರ ಕೇಳುತ್ತದೆ. ಭಾರದ ಹ್ಯಾಮರ್ ಹಾಕಿದವರು ಅದನ್ನು ಸರಿದೂಗಿಸಲು ಕೀಯ ಮುಂಭಾಗಕ್ಕೆ ಸೀಸ ತುಂಬುತ್ತಾರೆ. ಅಳತೆ ಮತ್ತೆ 50ಕ್ಕೆ ಬರುತ್ತದೆ, ಆದರೆ ಜೋರಾಗಿ ಹೊಡೆಯುವಾಗ ಬೆರಳು ಹ್ಯಾಮರ್ ಜೊತೆ ಆ ಸೀಸವನ್ನೂ ತಳ್ಳಬೇಕು. ಮೆಲ್ಲಗೆ ನುಡಿಸಿದಾಗ ಹಗುರ, ವೇಗದಲ್ಲಿ ಕಲ್ಲು ಅನಿಸಿದರೆ ಇದೇ ರೋಗ. ಇನ್ನಷ್ಟು ಸೀಸ ಹಾಕಿಸುವುದು ಇದಕ್ಕೆ ಮದ್ದಲ್ಲ.

ಬೆರಳು ಕಪ್ಪು ಕೀಗಳ ನಡುವೆ ಒಳಕ್ಕೆ ಹೋದಷ್ಟೂ ಸನ್ನೆಕೋಲು ಗಿಡ್ಡವಾಗಿ ಭಾರ ಏರುತ್ತದೆ. ಇದು ಎಲ್ಲ ಪಿಯಾನೊದಲ್ಲೂ ಇದ್ದದ್ದೇ, ಹೋಲಿಸುವಾಗ ಒಂದೇ ಜಾಗದಲ್ಲಿ ಒತ್ತಿ.

ಯಂತ್ರ ಬಿಚ್ಚಿಸುವ ಮುನ್ನ ಕಿವಿಗೆ ಹತ್ತಿ ಇಟ್ಟು ಎರಡನ್ನೂ ನುಡಿಸಿ. ನಾದ ಮಂಕಾಗಿದ್ದರೆ ನಾವು ಗೊತ್ತಿಲ್ಲದೆ ಹೆಚ್ಚು ಒತ್ತುತ್ತೇವೆ, ದೂರು ಕೀ ಮೇಲೆ ಹೋಗುತ್ತದೆ. ಹತ್ತಿ ಇಟ್ಟಾಗ ಎರಡೂ ಒಂದೇ ಅನಿಸಿದರೆ ಹ್ಯಾಮರ್ ಫೆಲ್ಟ್‌ನ ವಾಯ್ಸಿಂಗ್ (ನಾದ ತಿದ್ದುವ ಕೆಲಸ) ಮಾಡಿಸಿ, ಕೀ ತಂಟೆಗೆ ಹೋಗಬೇಡಿ.