ಕಾಂಬೋ ಆಂಪ್ಲಿಫೈಯರಿನ ಪೆಟ್ಟಿಗೆಯೊಳಗೆ ರ್‍ಯಾಕ್ ಎಫೆಕ್ಟ್ಸ್ ಯೂನಿಟ್ ಕೂರಿಸಬಹುದೇ?

ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಎರಡು ಹೊರೆ ಒಯ್ಯುವುದು ತಪ್ಪಲೆಂದು, ಒಂದು ರ‍್ಯಾಕ್ ಯೂನಿಟ್ (1U) ಎತ್ತರದ, ಧ್ವನಿಗೆ ಅನುರಣನ ಸೇರಿಸುವ ರಿವರ್ಬ್ ಯಂತ್ರವನ್ನು ವಾಲ್ವ್ (ನಿರ್ವಾತ ನಳಿಕೆ) ಬಳಸುವ ಕಾಂಬೋ ಆಂಪಿನೊಳಗೇ, ಅಂದರೆ ಸ್ಪೀಕರ್ ಸಹಿತ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್ಲಿಫೈಯರಿನೊಳಗೇ, ಅಳವಡಿಸುವ ಬಗ್ಗೆ ಕೇಳಿದ್ದೀರಿ. ಅಳವಡಿಸಬಹುದು. ಇಂಥ ಯಂತ್ರದ ಮುಖಫಲಕ 19 ಇಂಚು ಅಗಲ, 1.75 ಇಂಚು ಎತ್ತರವಿರುತ್ತದೆ. ಹಿಂಬದಿಯ ಜ್ಯಾಕ್‌ಗಳಿಗೆ ಎರಡು-ಮೂರು ಇಂಚು ಹೆಚ್ಚುವರಿ ಆಳ ಬೇಕು.

ನಿಜವಾದ ತೊಡಕು ಹಮ್. ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಸುತ್ತ ಹರಡುವ 50 ಹರ್ಟ್ಸ್‌ನ ಕಾಂತಕ್ಷೇತ್ರವು ಹತ್ತಿರದ ಸರ್ಕ್ಯೂಟಿನೊಳಗೆ ನುಸುಳಿ ಗುಂಯ್ ಎಂಬ ಸದ್ದನ್ನು ಹುಟ್ಟಿಸುತ್ತದೆ. ಆದ್ದರಿಂದ ತೂತು ಕೊರೆಯುವ ಮೊದಲೇ ಯೂನಿಟ್ಟನ್ನು ಪೆಟ್ಟಿಗೆಯ ಬೇರೆ ಬೇರೆ ಜಾಗಗಳಲ್ಲಿಟ್ಟು, ಪ್ರತಿ ಸಲ ಸ್ವಿಚ್ ಆಫ್ ಮಾಡಿ ಸರಿಸಿ ಮತ್ತೆ ಆನ್ ಮಾಡುತ್ತ, ಸದ್ದು ಅತಿ ಕಡಿಮೆಯಾಗುವ ಸ್ಥಳವನ್ನು ಕಿವಿಯಿಂದಲೇ ನಿರ್ಧರಿಸಿರಿ. ಷಾಸಿ (ಆಂಪಿನ ಸರ್ಕ್ಯೂಟ್ ಕೂತಿರುವ ಲೋಹದ ಚೌಕಟ್ಟು) ಮೇಲ್ಗಡೆ ನೇತಾಡುವ ಮಾದರಿಯಾದರೆ ಸಾಮಾನ್ಯವಾಗಿ ತಳಭಾಗವೇ ಉತ್ತಮ: ಟ್ರಾನ್ಸ್‌ಫಾರ್ಮರ್ ದೂರವಾಗುತ್ತದೆ, ವಾಲ್ವ್‌ಗಳ ಬಿಸಿಯೂ ತಟ್ಟುವುದಿಲ್ಲ. ಸ್ಪೀಕರಿನ ಕಂಪನಕ್ಕೆ ಬೆಸುಗೆಗಳು ಸಡಿಲಗೊಳ್ಳದಂತೆ ರಬ್ಬರ್ ಬುಷ್ ಹಾಕಿರಿ. ಬುಷ್‌ಗಳಿಗಾಗಿ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಬಹುದು.

ಆಂಪಿನಲ್ಲಿ ಎಫೆಕ್ಟ್ಸ್ ಲೂಪ್ (ಸಿಗ್ನಲನ್ನು ಹೊರಗಿನ ಯಂತ್ರಕ್ಕೆ ಕಳಿಸುವ ‘ಸೆಂಡ್’ ಮತ್ತು ಮರಳಿ ಪಡೆಯುವ ‘ರಿಟರ್ನ್’ ಜ್ಯಾಕ್‌ಗಳ ಜೋಡಿ) ಇದ್ದರೆ ಅದರ ಸೆಂಡ್‌ನಿಂದ ಯೂನಿಟ್‌ನ ಇನ್‌ಪುಟ್‌ಗೆ, ಔಟ್‌ಪುಟ್‌ನಿಂದ ರಿಟರ್ನ್‌ಗೆ ಶೀಲ್ಡ್ ಕೇಬಲ್ ಎಳೆಯಿರಿ. ಲೂಪಿನ ಸಿಗ್ನಲ್ ಮಟ್ಟ ಯೂನಿಟ್‌ಗೆ ಹೊಂದದಿದ್ದರೆ ಧ್ವನಿ ಒಡೆಯುತ್ತದೆ ಅಥವಾ ಸೊರಗುತ್ತದೆ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆಯುವ ರೂಢಿ ಕೆಲವರಲ್ಲಿದೆ, ಅದು ಪ್ರಾಣಾಪಾಯ.

ಯೂನಿಟ್ಟನ್ನು ಕೂರಿಸುವ ಫಲಕಕ್ಕೆ ಪ್ಲೈವುಡ್ಡನ್ನೇ ಬಳಸಿರಿ, ಮುಂಬಯಿಯ ಮಳೆಗಾಲದ ತೇವಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ. ಷಾಸಿ ಬಿಚ್ಚಲೇಬೇಕಾದರೆ ಅನುಭವಿ ತಂತ್ರಜ್ಞರಿಗೇ ಒಪ್ಪಿಸಿರಿ, ಏಕೆಂದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.