ಮೊದಲು ಅವನ ಮನೆಗೆ ಹೋಗಿ, ಕ್ಯಾಮೆರಾ ಮಾತು ಆಮೇಲೆ

ಪ್ರಶ್ನೆ: ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೇನೆ. ಐದು ಜನ ಸೇರಿ ಕಿರುಚಿತ್ರ ಮಾಡುತ್ತಿದ್ದೇವೆ, ಯಾರಿಗೂ ಅನುಭವವಿಲ್ಲ. ಸ್ಪರ್ಧೆಗೆ ಕಳಿಸಲು ಒಂಬತ್ತೇ ದಿನ ಉಳಿದಿದೆ. 14 ಪುಟದ ಸ್ಕ್ರಿಪ್ಟ್ ನನ್ನದು, ನಿರ್ದೇಶನವೂ ನನ್ನದೇ. ಕಳೆದ ಭಾನುವಾರ ಮೊದಲ ದಿನದ ಶೂಟಿಂಗ್. ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದ ಗೆಳೆಯ ಕ್ಯಾಮೆರಾ ಹಿಡಿದಿದ್ದ. ಮೂರು ಶಾಟ್ ಫೋಕಸ್ ತಪ್ಪಿದಾಗ ಎಲ್ಲರೆದುರು ‘ನಿನಗ ಇಷ್ಟೂ ತಿಳಿಯೂದಿಲ್ಲೇನು?’ ಅಂದುಬಿಟ್ಟೆ. ಮಾತಾಡದೆ ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು ಹೋದ, ವಾಟ್ಸಾಪ್ ಗ್ರೂಪಿನಿಂದಲೂ ಹೊರಬಿದ್ದ. ಫೂಟೇಜೆಲ್ಲ ಅವನ ಕಾರ್ಡಿನಲ್ಲೇ ಇದೆ. ನಟಿಸುವ ಗೆಳತಿಯನ್ನು ಅವಳ ತಾಯಿ ಸಂಜೆ ಆರರ ಮೇಲೆ ಬಿಡುವುದಿಲ್ಲ. ಮೈಸೂರಿನ ಚಿದಾನಂದ ನಾಯ್ಕ್ ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದ ಕಿರುಚಿತ್ರ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತಲ್ಲ, ನಮಗೇಕೆ ಆಗುತ್ತಿಲ್ಲ? ಬೇರೆ ಕ್ಯಾಮೆರಾಮನ್ ಹುಡುಕಲೇ, ಕೈಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಹೋದ ಒಂದು ಮಾತಿನ ಹತ್ತಿರ ನಾನು ನಿಂತೆ. ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದ. ರಾತ್ರಿಯಿಡೀ ನಿದ್ದೆಗೆಟ್ಟವನು ಮನೆಗೆ ಹೋಗಿ ಮಲಗದೆ ನಿಮ್ಮ ಕಥೆಗಾಗಿ ಬಂದು ನಿಂತಿದ್ದಾನೆ. ಮಬ್ಬು ಬೆಳಕಿನ ಕೋಣೆಯಲ್ಲಿ ಲೆನ್ಸ್ ಪೂರ್ತಿ ತೆರೆದಿರುವಾಗ ಪಾತ್ರ ಎರಡು ಹೆಜ್ಜೆ ಮುಂದೆ ಬಂದರೂ ಫೋಕಸ್ ಜಾರುತ್ತದೆ. ದೊಡ್ಡ ಸಿನಿಮಾಗಳಲ್ಲಿ ಅದೊಂದನ್ನೇ ನೋಡಿಕೊಳ್ಳಲು ಫೋಕಸ್ ಪುಲ್ಲರ್ ಅಂತ ಬೇರೆ ಆಳಿರುತ್ತಾರೆ. ನಿಮ್ಮ ಗೆಳೆಯ ಕ್ಯಾಮೆರಾ, ಲೈಟು, ಫೋಕಸ್ ಮೂರನ್ನೂ ಒಬ್ಬನೇ ನಿಭಾಯಿಸುತ್ತಿದ್ದ.

ಹಾಗಾಗಿ ಬೇರೆಯವರನ್ನು ಹುಡುಕುವುದು ಈಗಲೇ ಬೇಡ. ನಾಳೆ ಅವನು ನಿದ್ದೆ ಮುಗಿಸಿ ಏಳುವ ಹೊತ್ತಿಗೆ ಮನೆಗೆ ಹೋಗಿ. ಮೆಸೇಜು, ವಾಯ್ಸ್ ನೋಟು ಬೇಡ. ತಪ್ಪಾಯಿತು ಅನ್ನಿ, ಚಹಾ ಕುಡಿದು ಬನ್ನಿ. ಕಾರ್ಡ್, ಕ್ಯಾಮೆರಾ, ಮುಂದಿನ ಶೂಟಿಂಗ್ ಯಾವುದನ್ನೂ ಅವತ್ತು ಎತ್ತಬೇಡಿ. ಎತ್ತಿದಿರೋ, ಫೂಟೇಜಿಗಾಗಿಯೇ ಬಂದಳು ಅಂತ ಅವನಿಗೆ ಅನ್ನಿಸದೆ ಇರದು. ಬೈದದ್ದು ಎಲ್ಲರೆದುರು, ಆದ್ದರಿಂದ ಅವನು ಗ್ರೂಪಿನಲ್ಲಿ ಇಲ್ಲದಿದ್ದರೂ ಅಲ್ಲೂ ಎರಡು ಸಾಲು ಬರೆಯಿರಿ. ವರ್ಷಗಟ್ಟಲೆ ನಾಟಕದ ತಂಡದಲ್ಲಿದ್ದು ಕಂಡಿದ್ದೇನೆ, ಹತ್ತು ಜನರ ಮುಂದೆ ಬೈಸಿಕೊಂಡವರು ಒಳಗೆ ಕರೆದು ಕೇಳಿದ ಕ್ಷಮೆಯಿಂದ ಪೂರ್ತಿ ಹಗುರಾಗುವುದಿಲ್ಲ.

ಇನ್ನು ಕಾನ್ ಮಾತು. 2024ರಲ್ಲಿ ಆ ಚಿತ್ರ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದದ್ದು ನಿಜ, ನನಗೂ ಹೆಮ್ಮೆಯೇ. ಆದರೆ ಅದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳ ಕೆಲಸ. ಕ್ಯಾಮೆರಾ, ಧ್ವನಿ, ಸಂಕಲನ ಒಂದೊಂದಕ್ಕೂ ಅದನ್ನೇ ಕಲಿತವರಿದ್ದರು. ಆ ನಾಲ್ಕು ದಿನದ ಹಿಂದೆ ಅವರ ಕಲಿಕೆಯೂ ಇದೆ. ಅದನ್ನು ತಂದು ನಿಮ್ಮ ಗೆಳೆಯರ ತಲೆಗೆ ಅಳತೆ ಹಿಡಿಯಬೇಡಿ.

ನೀವು ಕತ್ತರಿ ಹಾಕಬೇಕಾದದ್ದು ಸ್ಕ್ರಿಪ್ಟಿಗೆ. ಪುಟಕ್ಕೆ ಸುಮಾರು ಒಂದು ನಿಮಿಷ ಅನ್ನುವುದು ಚಿತ್ರರಂಗದ ವಾಡಿಕೆಯ ಲೆಕ್ಕ. 14 ನಿಮಿಷದ ಚಿತ್ರ ಹೊಸಬರಿಗೆ, ಈ ಅವಧಿಯಲ್ಲಿ, ಬಹಳ ಭಾರ. ಐದು ಪುಟಕ್ಕೆ ಇಳಿಸಿ. ಒಂದೇ ಮನೆ, ಹಗಲಿನ ಬೆಳಕು, ಇಬ್ಬರೇ ಪಾತ್ರಗಳು. ರಾತ್ರಿಯ ದೃಶ್ಯಗಳಿದ್ದರೆ ಕಿತ್ತುಹಾಕಿ, ಗೆಳತಿಯ ಆರು ಗಂಟೆಯ ತೊಡಕೂ ಅದರ ಜೊತೆಗೇ ಹೋಗುತ್ತದೆ. ಅವಳ ತಾಯಿಯನ್ನೂ ಒಂದು ದಿನ ಶೂಟಿಂಗಿಗೆ ಕರೆಯಿರಿ. ಮಗಳು ಎಲ್ಲಿ, ಯಾರ ಜೊತೆ ಇದ್ದಾಳೆ ಅಂತ ಕಣ್ಣಾರೆ ಕಂಡರೆ ಅವರಿಗೂ ಸಮಾಧಾನ. ಗೆಳತಿಗೆ ಮಾತು ಬಾಯಿಗೆ ಬರದಿದ್ದರೆ ಕೈಗೆ ಕೆಲಸ ಕೊಡಿ. ರೊಟ್ಟಿ ಬಡಿಯುತ್ತಾ ಹೇಳಲಿ, ಅಕ್ಕಿ ಆರಿಸುತ್ತಾ ಹೇಳಲಿ. ಕೈ ಕೆಲಸದಲ್ಲಿದ್ದರೆ ಮುಖ ನಟಿಸುವುದನ್ನು ಬಿಡುತ್ತದೆ.

ಧ್ವನಿಯನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಚಿತ್ರ ತುಸು ಮಸುಕಾದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ. ಇನ್ನೊಂದು ಫೋನನ್ನು ಪಾತ್ರದ ಹತ್ತಿರ, ಫ್ರೇಮಿಗೆ ಬೀಳದಂತೆ ಇಟ್ಟು ರೆಕಾರ್ಡ್ ಮಾಡಿ. ಪ್ರತಿ ಟೇಕಿನ ಶುರುವಿನಲ್ಲಿ, ಎರಡೂ ರೆಕಾರ್ಡ್ ಆಗುತ್ತಿರುವಾಗ, ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ, ಎಡಿಟಿಂಗ್‌ನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಲು ಅದೇ ಗುರುತು. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ. ಫ್ರಿಜ್ ಆರಿಸಿದಾಗ ನಿಮ್ಮ ಸ್ಕೂಟಿಯ ಕೀ ಅದರೊಳಗೇ ಇಡಿ. ಮನೆಗೆ ಹೊರಟಾಗ ಕೀ ಹುಡುಕುತ್ತೀರಿ, ಫ್ರಿಜ್ ಮತ್ತೆ ಹಚ್ಚುವುದು ನೆನಪಾಗುತ್ತದೆ, ಆ ಮನೆಯವರ ಹಾಲು ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದನ್ನಷ್ಟೇ ಹಿಡಿದುಕೊಳ್ಳಿ. ಮಾತಿನ ನಡುವೆ ಕತ್ತರಿಸಿದ ಜಾಗ ತುಂಬಲು ಬೇಕಾಗುತ್ತದೆ. ಸಂಜೆ ಊಟಕ್ಕೆ ಕೂರುವ ಮೊದಲು ಫೂಟೇಜು ಎರಡು ಕಡೆ ಕಾಪಿಯಾಗಿರಲಿ.

ಈ ವಾರದಲ್ಲಿ ಎರಡು ದಿನ ಶೂಟಿಂಗ್, ಮೂರು ದಿನ ಎಡಿಟಿಂಗ್, ಗಡುವಿನ ಹಿಂದಿನ ಸಂಜೆಯೇ ಅಪ್‌ಲೋಡ್. ಇಷ್ಟು ಸಾಧ್ಯ. ಶೂಟಿಂಗ್ ಶುರುವಾಗುವ ಮುನ್ನಾದಿನದವರೆಗೂ ಗೆಳೆಯ ಬಾರದಿದ್ದರೆ ಒತ್ತಾಯಿಸಬೇಡಿ, ನಿಮ್ಮಲ್ಲಿ ಯಾರ ಫೋನು ಚೆನ್ನಾಗಿದೆಯೋ ಅದರಲ್ಲೇ ತೆಗೆಯಿರಿ. ಅವನು ಬರದೆ, ಕಾರ್ಡನ್ನಷ್ಟೇ ಕಳಿಸಿ, ಅದರಿಂದ ಒಂದು ಶಾಟ್ ನಿಮ್ಮ ಚಿತ್ರದಲ್ಲಿ ಉಳಿದರೂ ಟೈಟಲ್ಲಿನಲ್ಲಿ ‘ಛಾಯಾಗ್ರಹಣ’ ಅಂತ ಮೊದಲು ಅವನ ಹೆಸರು ಹಾಕಿ.